ಸರ್ಪಗಂಧ: ಕೆರಳಿದ ಮನಸ್ಸನ್ನು ತಣಿಸಿದ ಬೇರಿನ ಇನ್ನೊಂದು ಮುಖ

ಕಳೆದ ತಿಂಗಳು ದಾದರಿನಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಅವರ ಮಗನಿಗೆ ಮನಸ್ಸಿನ ಏರಿಳಿತದ ಕಾಯಿಲೆ. ಕೆಲವು ವಾರ ನಿದ್ದೆಯೇ ಬೇಡವೆನ್ನುವ ಹುಮ್ಮಸ್ಸು, ಆಮೇಲೆ ಹಾಸಿಗೆ ಬಿಟ್ಟು ಏಳಲಾಗದ ಮಂಕು. ಡಾಕ್ಟರು ಕೊಟ್ಟ ಮಾತ್ರೆ ನಡೆಯುತ್ತಿದೆ. "ಎಷ್ಟು ವರ್ಷ ಅಂತ ಆ ಇಂಗ್ಲಿಷ್ ಮದ್ದು ನುಂಗೋದು? ಸರ್ಪಗಂಧದ ಪುಡಿ ತರಿಸಿದ್ದೀನಿ ಕಣೋ. ಗಿಡದ ಬೇರು ತಾನೆ, ಏನೂ ಆಗಲ್ಲ ಅಲ್ವಾ?" ಎಂದರು. "ಡಾಕ್ಟರನ್ನು ಕೇಳದೆ ಕೊಡಬೇಡಿ" ಎಂದಷ್ಟೇ ಆಗ ಹೇಳಿದೆ. ಯಾಕೆ ಎನ್ನುವ ಪ್ರಶ್ನೆಯ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ.

ಸರ್ಪಗಂಧ ಹಿಮಾಲಯದ ತಪ್ಪಲಿನಲ್ಲೂ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸಣ್ಣ ಪೊದೆ. ಹಾವಿನ ಕಡಿತಕ್ಕೆ, ಜ್ವರಕ್ಕೆ, ಬುದ್ಧಿಭ್ರಮಣೆಗೆ ಅದರ ಬೇರನ್ನು ಬಹುಕಾಲದಿಂದ ಕೊಡುತ್ತಿದ್ದರು. ಬಿಹಾರದ ಸಂತೆಗಳಲ್ಲಿ ಅದಕ್ಕೆ ಇದ್ದ ಹೆಸರೇ 'ಪಾಗಲ್ ಕಿ ದವಾ', ಅಂದರೆ ಹುಚ್ಚಿನ ಮದ್ದು.

1931ರಲ್ಲಿ ಎರಡು ಊರುಗಳಲ್ಲಿ ಈ ಬೇರನ್ನು ಪರೀಕ್ಷೆಗೆ ಒಡ್ಡಿದ ವರದಿಗಳು ಹೊರಬಂದವು. ಕಲ್ಕತ್ತೆಯಲ್ಲಿ ಗಣನಾಥ್ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ಉನ್ಮಾದವನ್ನು ಶಮನಗೊಳಿಸುತ್ತದೆ, ಜೊತೆಗೆ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ಹಲವು ಕ್ಷಾರಪದಾರ್ಥಗಳನ್ನು ಬೇರ್ಪಡಿಸಿದರು. ಒಂದಕ್ಕೆ ಆ ಕಾಲೇಜಿನ ಸ್ಥಾಪಕ ಹಕೀಂ ಅಜ್ಮಲ್ ಖಾನರ ನೆನಪಿಗೆ 'ಅಜ್ಮಲೀನ್' ಎಂದು ಹೆಸರಿಟ್ಟರು.

ಮುಂದಿನ ಹೆಜ್ಜೆ ಮುಂಬೈಯದು. ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಈ ಬೇರಿನ ಮದ್ದು ಕೊಟ್ಟು, ಅಳೆದು, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಗೆ ಜಗತ್ತು ಎಚ್ಚೆತ್ತಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವಾದ ರಿಸರ್ಪೀನನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರಲ್ಲಿ ನೇಥನ್ ಕ್ಲೈನ್ ಅದನ್ನು ರೋಗಿಗಳ ಮೇಲೆ ಬಳಸಿದ ವರದಿ ಬಂತು. ಕೆರಳಿ ಕೂಗಾಡುತ್ತಿದ್ದವರು ಶಾಂತರಾಗುತ್ತಿದ್ದರು. ಆಧುನಿಕ ಮನೋವೈದ್ಯದ ಮೊದಲ ಔಷಧಗಳ ಸಾಲಿನಲ್ಲಿ ನಮ್ಮ ಸಂತೆಯ ಬೇರಿಗೂ ಜಾಗ ಸಿಕ್ಕಿತು.

ಇಲ್ಲಿಗೆ ನಿಲ್ಲಿಸಿದರೆ ಹೆಮ್ಮೆಯ ಕಥೆ. ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ.

ರಕ್ತದೊತ್ತಡಕ್ಕೆಂದು ರಿಸರ್ಪೀನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಕೆಲವರು ತಿಂಗಳುಗಳ ನಂತರ ಗಾಢ ಖಿನ್ನತೆಗೆ ಬಿದ್ದರೆಂದು 1950ರ ದಶಕದ ವೈದ್ಯರು ಒಬ್ಬರ ಹಿಂದೆ ಒಬ್ಬರು ಬರೆದರು. ಆತ್ಮಹತ್ಯೆಯ ಪ್ರಕರಣಗಳೂ ಆ ವರದಿಗಳಲ್ಲಿದ್ದವು. ಪ್ರಯೋಗಾಲಯದಲ್ಲಿ ಒಂದು ಸುಳಿವು ಸಿಕ್ಕಿತು. ನಮ್ಮ ನರಗಳ ತುದಿಯಲ್ಲಿ ಸೆರೊಟೋನಿನ್, ಡೋಪಮೈನ್ ಮುಂತಾದ ರಾಸಾಯನಿಕಗಳನ್ನು ಕೂಡಿಡುವ ಪುಟ್ಟ ಚೀಲಗಳಿವೆ. ರಿಸರ್ಪೀನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ಕಣಜ ಬರಿದಾಗುತ್ತದೆ. ಕೆರಳಿದ ಮನಸ್ಸು ತಣಿಯುವುದೂ ಹೀಗೆಯೇ. ಕೆಲವರ ಮನಸ್ಸು ಕುಸಿದದ್ದೂ ಹೀಗೆಯೇ ಎಂದು ಆಗಿನ ವಿಜ್ಞಾನಿಗಳು ಭಾವಿಸಿದರು.

ಕಥೆಗೆ ಇನ್ನೊಂದು ಮಗ್ಗುಲೂ ಇದೆ. 1955ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ ಆತಂಕ, ಖಿನ್ನತೆ ಎರಡೂ ಇದ್ದ ರೋಗಿಗಳಿಗೆ ರಿಸರ್ಪೀನಿನಿಂದ ಸಹಾಯವೇ ಆಯಿತು. ಅದು ಎಷ್ಟು ಜನರಿಗೆ ನಿಜವಾಗಿ ಖಿನ್ನತೆ ತಂದಿತ್ತು ಎಂಬ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೂ ಖಿನ್ನತೆಯ ಹಿನ್ನೆಲೆ ಇರುವವರಿಗೆ ಇದನ್ನು ಕೊಡಬಾರದೆಂಬ ಎಚ್ಚರಿಕೆ ವೈದ್ಯಗ್ರಂಥಗಳಲ್ಲಿ ಉಳಿದುಕೊಂಡಿತು. ಬರಿದಾದ ಕಣಜವನ್ನು ತುಂಬುವುದು ಹೇಗೆ ಎಂಬ ಪ್ರಶ್ನೆಯೂ ಖಿನ್ನತೆಯ ಮಾತ್ರೆಗಳ ಸಂಶೋಧನೆಗೆ ನೆರವಾಯಿತು. ರಿಸರ್ಪೀನನ್ನು ಹೊಗಳಿದ್ದ ಕ್ಲೈನ್ ಅವರೇ 1957ರಲ್ಲಿ ಖಿನ್ನತೆ ಕಳೆಯುವ ಔಷಧದ ಬಗ್ಗೆ ವರದಿ ಮಾಡಿದರು. ದೊಡ್ಡಮ್ಮ ಹಳಿಯುವ 'ಇಂಗ್ಲಿಷ್ ಮದ್ದಿನ' ವಂಶಾವಳಿಯಲ್ಲಿ ಅವರ ಬೇರಿನ ಪುಡಿಯೂ ಇದೆ.

ಸೇನ್, ಬೋಸ್, ಸಿದ್ದಿಕಿ, ವಕೀಲ್ ಯಾರೂ 'ಗಿಡದ್ದು, ಏನೂ ಆಗಲ್ಲ' ಎಂದುಕೊಂಡು ಕೆಲಸ ಮಾಡಲಿಲ್ಲ. ಆ ಬೇರು ಏನೋ ಮಾಡುತ್ತದೆ, ಬಲವಾಗಿಯೇ ಮಾಡುತ್ತದೆ ಎಂದು ನಂಬಿದ್ದರಿಂದಲೇ ಅಳೆದು ನೋಡಿದರು. ನಾಡಮದ್ದಿಗೆ ಅವರು ತೋರಿದ ಗೌರವ ಅದು. ಏರಿಳಿತದ ಕಾಯಿಲೆಯವರ ವಿಷಯದಲ್ಲಂತೂ ಈ ಎಚ್ಚರ ಇನ್ನಷ್ಟು ಬೇಕು. ಹುಮ್ಮಸ್ಸಿನ ದಿನಗಳನ್ನು ತಣಿಸುವ ಬೇರು, ಮುಂದೆ ಬರುವ ಮಂಕನ್ನು ಆಳವಾಗಿಸಬಹುದು. ನಡೆಯುತ್ತಿರುವ ಮಾತ್ರೆಯ ಜೊತೆ ಸೇರಿ ಬೇರೆ ತೊಂದರೆಯನ್ನೂ ತರಬಹುದು.

ಇದನ್ನೆಲ್ಲ ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾವು ಮನೇಲಿ ಮಾಡೋಂಥದ್ದು ಏನೂ ಇಲ್ವಾ?" ಎಂದು ಕೇಳಿದರು. ಇದೆ. ದಿನವೂ ಒಂದೇ ಹೊತ್ತಿಗೆ ಮಲಗಿ ಏಳುವುದು, ನಿದ್ದೆ ತಪ್ಪಿದ ರಾತ್ರಿಗಳನ್ನು ಬರೆದಿಡುವುದು, ಮದ್ಯದಿಂದ ದೂರ ಇರುವುದು. ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಪುಡಿಯ ಡಬ್ಬಿಯನ್ನೂ ಒಯ್ಯುತ್ತಾರಂತೆ. ಅಲ್ಲಿಯವರೆಗೆ ಅದು ಬೀರುವಿನಲ್ಲಿದೆ, ಮುಚ್ಚಳ ತೆರೆದಿಲ್ಲ.