ವಾಲಿಬಾಲ್ ಜಿಗಿತದ ಇತಿಹಾಸ: ದಾರಿಯಲ್ಲಿ ಬಿದ್ದುಹೋದ ನಲವತ್ತರ ಲೆಕ್ಕ

ಇವತ್ತಿನ ವಿಷಯ ವಾಲಿಬಾಲ್. ಆಟದ ನಿಯಮ, ಸ್ಕೋರು ಅಲ್ಲ, ಆಟಗಾರ ನೆಲ ಬಿಟ್ಟು ಮೇಲಕ್ಕೆ ಹಾರೋ ಆ ಅರ್ಧ ಸೆಕೆಂಡಿನ ಇತಿಹಾಸ. ಕೋಪರಖೈರಣೆ, ಘನ್ಸೋಲಿ, ಐರೋಲಿ ಕಡೆ ಇರುವ ನಮ್ಮ ಹುಡುಗರು ಸುಮಾರು ಜನ ವಾರವಿಡೀ ಮಹಾಪೆಯ ಆಫೀಸಿನಲ್ಲೋ ಮನೆಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಸಂಜೆ ಸೊಸೈಟಿ ಅಂಗಳದಲ್ಲಿ ನೆಟ್ ಕಟ್ಟುತ್ತಾರೆ. ಈಚೆಗೆ ಇದರ ಜೊತೆ ಇನ್ನೊಂದು ಸೇರಿಕೊಂಡಿದೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಪ್ಲಯೋಮೆಟ್ರಿಕ್ಸ್ ಮಾಡುವುದು. ಬೆಂಚಿನಿಂದ ಕೆಳಗೆ ಹಾರಿ, ತಕ್ಷಣ ಮೇಲಕ್ಕೆ ಹಾರುವುದು. ದಿನಾ ನೂರು, ಇನ್ನೂರು ಸಲ.

ಈ ಅಭ್ಯಾಸ ರೂಪಿಸಿದ ಮನುಷ್ಯ ಹೇಳಿದ್ದ ಮಿತಿ ಒಂದು ಸಲದ ತರಬೇತಿಗೆ ನಲವತ್ತು ಜಿಗಿತ. ಆ ನಲವತ್ತು ಎಲ್ಲಿ ಕಳೆದುಹೋಯಿತು ಅನ್ನೋದನ್ನ ಮೊದಲಿನಿಂದ ನೋಡೋಣ.

1895ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ನಿರ್ದೇಶಕ ಒಂದು ಹೊಸ ಆಟ ಕಂಡುಹಿಡಿದ. ಮೊದಲು ಇಟ್ಟ ಹೆಸರು 'ಮಿಂಟೋನೆಟ್'. ಅವನ ಬಳಿ ವ್ಯಾಯಾಮಕ್ಕೆ ಬರುತ್ತಿದ್ದವರಲ್ಲಿ ವ್ಯಾಪಾರಿಗಳು, ವಯಸ್ಸಾದ ಗಂಡಸರು ಇದ್ದರು. ಬ್ಯಾಸ್ಕೆಟ್‌ಬಾಲ್ ಅವರಿಗೆ ಸುಸ್ತಾಗುತ್ತಿತ್ತು. ಅವರಿಗಾಗಿ ಮಾಡಿದ ಹಗುರ ಆಟ ಇದು. ನೆಟ್ಟಿನ ಎತ್ತರ ಆರೂವರೆ ಅಡಿ, ಅಂದರೆ ಸುಮಾರು 1.98 ಮೀಟರ್. ನಿಂತಲ್ಲೇ ಕೈ ಎತ್ತಿದರೆ ಚೆಂಡು ಆಚೆಗೆ ಹೋಗುತ್ತಿತ್ತು, ಹಾರಬೇಕಾದ ಕೆಲಸವೇ ಇರಲಿಲ್ಲ. ನೋಡಿ, ವಾಲಿಬಾಲ್ ಹುಟ್ಟಿದ್ದೇ ಕೂತು ಕೆಲಸ ಮಾಡುವವರಿಗೋಸ್ಕರ.

ಆಟ ಬದಲಾದದ್ದು ಏಷ್ಯಾಕ್ಕೆ ಬಂದ ಮೇಲೆ. ಸುಮಾರು 1916ರ ಹೊತ್ತಿಗೆ ಫಿಲಿಪ್ಪೀನ್ಸ್‌ನಲ್ಲಿ ಒಬ್ಬ ಚೆಂಡನ್ನು ಎತ್ತರಕ್ಕೆ ಎತ್ತಿಕೊಟ್ಟು ಇನ್ನೊಬ್ಬ ಹಾರಿ ಹೊಡೆಯುವ ಪದ್ಧತಿ ಬೆಳೆಯಿತು. ಅಲ್ಲಿಯವರು ಆ ಹೊಡೆತಕ್ಕೆ 'ಬೊಂಬಾ' ಅಂದರು. ನಾವು ಸ್ಮ್ಯಾಶ್ ಅನ್ನೋದು ಅದನ್ನೇ. ಇವತ್ತು ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24. ಗಂಡಸರ ಲೆಕ್ಕದಲ್ಲಿ ಮಾರ್ಗನ್ ಕಟ್ಟಿದ್ದಕ್ಕಿಂತ 45 ಸೆಂಟಿಮೀಟರ್ ಮೇಲೆ. ಐದೂವರೆ ಅಡಿ ಎತ್ತರದವರು ನಿಂತು ಕೈ ಚಾಚಿದರೆ ಸಾಮಾನ್ಯವಾಗಿ 2.15 ಮೀಟರಿನ ಆಸುಪಾಸು ಮುಟ್ಟುತ್ತಾರೆ. ನೆಟ್ಟಿನ ಮೇಲಿಂದ ಚೆಂಡನ್ನು ಕೆಳಕ್ಕೆ ಬಡಿಯಬೇಕಾದರೆ ಉಳಿದದ್ದನ್ನು ಕಾಲೇ ಕೊಡಬೇಕು.

ಹಾಗಾದರೆ ಕಾಲಿನ ಶಕ್ತಿ ಅಳೆಯೋದು ಹೇಗೆ? 1921ರಲ್ಲಿ ಅಮೆರಿಕದ ಡಡ್ಲಿ ಸಾರ್ಜೆಂಟ್ ನಿಂತಲ್ಲಿಂದ ನೇರ ಮೇಲಕ್ಕೆ ಹಾರುವ ಎತ್ತರವನ್ನೇ ದೈಹಿಕ ಸಾಮರ್ಥ್ಯದ ಪರೀಕ್ಷೆಯಾಗಿ ಮುಂದಿಟ್ಟ. ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆ ಮುಟ್ಟುವ ಪದ್ಧತಿಗೆ ಇವತ್ತಿಗೂ ಅವನ ಹೆಸರೇ ಇದೆ. ಅಳತೆ ಬಂತು, ಆದರೆ ಎತ್ತರ ಹೆಚ್ಚಿಸುವ ದಾರಿ ಸರಿಯಾಗಿ ಸಿಕ್ಕಿದ್ದು ಇನ್ನೂ ಸುಮಾರು ನಲವತ್ತು ವರ್ಷಗಳ ನಂತರ, ಮಾಸ್ಕೋದಲ್ಲಿ.

ಯೂರಿ ವೆರ್ಖೋಶಾನ್ಸ್ಕಿ ವಾಲಿಬಾಲ್ ಕೋಚ್ ಅಲ್ಲ, ಅಥ್ಲೆಟಿಕ್ಸ್‌ನ ಜಿಗಿತಗಾರರ ಕೋಚ್. ತ್ರಿವಿಧ ಜಿಗಿತದಲ್ಲಿ ಆಟಗಾರ ಪ್ರತಿ ಸಲ ನೆಲ ತಾಗಿದಾಗ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುವುದನ್ನು ಅವರು ಗಮನಿಸಿದರು. ಆ ಹೊಡೆತವನ್ನೇ ತರಬೇತಿಯಾಗಿ ಯಾಕೆ ಬಳಸಬಾರದು? ಎತ್ತರದ ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆ ಇಡಿ, ನೆಲ ತಾಗಿದ ತಕ್ಷಣ ಮೇಲಕ್ಕೆ ಚಿಮ್ಮಿ. ಇದಕ್ಕೆ ಅವರಿಟ್ಟ ಹೆಸರಿನ ಅರ್ಥ 'ಆಘಾತ ವಿಧಾನ'. 1960ರ ದಶಕದಲ್ಲಿ ಬರೆದ ಲೇಖನಗಳಲ್ಲಿ ಎತ್ತರವನ್ನೂ ಹೇಳಿದ್ದರು: ವೇಗಕ್ಕೆ 0.75 ಮೀಟರ್, ಬಲಕ್ಕೆ 1.10 ಮೀಟರ್. ಜೊತೆಗೆ ಮೂರು ಷರತ್ತು. ಒಂದು, ಮೊದಲು ಭಾರ ಎತ್ತಿ ಕಾಲು ಗಟ್ಟಿ ಮಾಡಿಕೊಂಡಿರಬೇಕು. ಎರಡು, ಚೆನ್ನಾಗಿ ತಯಾರಾದವರೂ ಒಂದು ಸಲಕ್ಕೆ ನಲವತ್ತು ದಾಟಬಾರದು. ಮೂರು, ವಾರದಲ್ಲಿ ಒಂದೆರಡು ದಿನ ಮಾತ್ರ, ನಡುವೆ ಸಾಕಷ್ಟು ವಿಶ್ರಾಂತಿ.

ಇದು ಯಾಕೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಈಗಲೇ ಎದ್ದು ಒಂದು ಪ್ರಯೋಗ ಮಾಡಿ. ಅರ್ಧ ಬಸ್ಕಿಯಲ್ಲಿ ಕೂತು ಮೂರು ಸೆಕೆಂಡ್ ಹಾಗೇ ನಿಂತು ಆಮೇಲೆ ಹಾರಿ. ಎರಡನೇ ಸಲ, ಸರ್ರನೆ ಬಗ್ಗಿ ತಡಮಾಡದೆ ಹಾರಿ. ಎರಡನೆಯದು ಹೆಚ್ಚು ಎತ್ತರ ಹೋಗುತ್ತೆ. ಎಳೆಯಲ್ಪಟ್ಟ ಸ್ನಾಯು ಮರುಕ್ಷಣವೇ ಕುಗ್ಗಿದರೆ ಹೆಚ್ಚು ಕೆಲಸ ಮಾಡುತ್ತೆ ಅಂತ ಇಟಲಿಯ ಕವಾನ್ಯ, ಮಾರ್ಗಾರಿಯಾ ಮೊದಲಾದವರು 1968ರಲ್ಲಿ ಪ್ರಯೋಗದಿಂದ ತೋರಿಸಿದರು. ಎಳೆತದಲ್ಲಿ ಸ್ನಾಯುರಜ್ಜು ಹಿಡಿದಿಟ್ಟ ಶಕ್ತಿ ತಡಮಾಡಿದರೆ ಶಾಖವಾಗಿ ಹೋಗುತ್ತೆ. ಅದಕ್ಕೇ ವೆರ್ಖೋಶಾನ್ಸ್ಕಿಗೆ ಸಂಖ್ಯೆಗಿಂತ ಚುರುಕು ಮುಖ್ಯ. ದಣಿದ ಕಾಲು ನೆಲದ ಮೇಲೆ ಹೆಚ್ಚು ಹೊತ್ತು ಕೂರುತ್ತೆ, ಆಗ ಮಾಡುವ ಐವತ್ತನೇ ಜಿಗಿತ ಬರೀ ಹೊಡೆತ, ತರಬೇತಿಯಲ್ಲ.

'ಪ್ಲಯೋಮೆಟ್ರಿಕ್ಸ್' ಎಂಬ ಹೆಸರು ರಷ್ಯಾದ್ದಲ್ಲ. 1975ರಲ್ಲಿ ಆ ಪದ ಬಳಸಿದವರು ಅಮೆರಿಕದ ಫ್ರೆಡ್ ವಿಲ್ಟ್. ಒಲಿಂಪಿಕ್ ಓಟಗಾರ, ಎಫ್‌ಬಿಐ ಅಧಿಕಾರಿ, ಆಮೇಲೆ ಕೋಚ್. ಹೆಸರು ಆಕರ್ಷಕವಾಗಿತ್ತು, ಬೇಗ ಹರಡಿತು. ಹರಡುವಾಗ ಏನಾಗಿರಬಹುದು ಅಂತ ನಮ್ಮ ಕ್ಷೇತ್ರದವರಿಗೆ ಹೇಳಬೇಕಾಗಿಲ್ಲ. ಬೇರೆಯವರ ಕೋಡ್ ಕಾಪಿ ಮಾಡುವಾಗ ಫಂಕ್ಷನ್ ತಗೋತೀವಿ, ಮೇಲಿನ ಎಚ್ಚರಿಕೆಯ ಕಾಮೆಂಟ್ ಬಿಟ್ಟುಬಿಡ್ತೀವಿ. ಪೆಟ್ಟಿಗೆ ಬಂತು, ಜಿಗಿತ ಬಂತು, ಮೂರು ಷರತ್ತು ಅಲ್ಲೇ ಉಳಿದವು.

ಹೆಚ್ಚು ಮಾಡಿದವರೂ ಗೆದ್ದಿಲ್ಲವೇ ಅಂತ ಕೇಳಬಹುದು. ಗೆದ್ದಿದ್ದಾರೆ. ಪೋಲೆಂಡಿನ ಹ್ಯೂಬರ್ಟ್ ವಾಗ್ನರ್ ಆಟಗಾರರ ಮೈಗೆ ತೂಕ ಕಟ್ಟಿ ದಿನಕ್ಕೆ ನೂರಾರು ಸಲ ಹಾರಿಸುತ್ತಿದ್ದ ಕೋಚ್ ಎಂದೇ ಪ್ರಸಿದ್ಧರು. ಅವರ ತಂಡ 1974ರಲ್ಲಿ ವಿಶ್ವ ಚಾಂಪಿಯನ್ ಆಯಿತು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸೋವಿಯತ್ ತಂಡವನ್ನೇ 3-2ರಿಂದ ಸೋಲಿಸಿತು. ಕ್ಯೂಬಾದ ಮಿರೆಯಾ ಲೂಯಿಸ್ 1.75 ಮೀಟರ್ ಎತ್ತರದ ಹೆಣ್ಣುಮಗಳು, ಹಾರಿ ಹೊಡೆಯುವಾಗ ಕೈ 3.39 ಮೀಟರ್ ಮುಟ್ಟುತ್ತಿತ್ತು. 1992, 1996, 2000, ಮೂರು ಒಲಿಂಪಿಕ್ ಚಿನ್ನ. ಆದರೆ ಇವರೆಲ್ಲ ಬೇರೆ ಉದ್ಯೋಗವಿಲ್ಲದೆ, ವೈದ್ಯರ ಕಣ್ಣೆದುರು, ವರ್ಷಗಟ್ಟಲೆ ತಯಾರಾದವರು. ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಎದ್ದು ಬಂದವರಲ್ಲ.

ನಮ್ಮ ದೇಶಕ್ಕೆ ಬರೋಣ. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಗಂಡಸರ ತಂಡ 1958ರಲ್ಲಿ ಕಂಚು, 1962ರಲ್ಲಿ ಬೆಳ್ಳಿ, 1986ರ ಸೋಲ್‌ನಲ್ಲಿ ಮತ್ತೆ ಕಂಚು ಗೆದ್ದಿತು. ಆ 1986ರ ತಂಡದಲ್ಲಿ ಪಿ.ವಿ. ರಮಣ ಇದ್ದರು, ನಮ್ಮ ಬ್ಯಾಡ್ಮಿಂಟನ್ ತಾರೆ ಸಿಂಧು ಅವರ ತಂದೆ. ಅದೇ ತಂಡದಲ್ಲಿ ಜಿಮ್ಮಿ ಜಾರ್ಜ್ ಇದ್ದರು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಸಿಗುವ ಪೇರಾವೂರು ಅವರ ಊರು. ಇಟಲಿಯ ಕ್ಲಬ್‌ಗಳಲ್ಲಿ ವೃತ್ತಿಪರ ಆಟಗಾರರಾಗಿ ಆಡಿ, 1987ರ ನವೆಂಬರ್ 30ರಂದು ಅಲ್ಲೇ ಕಾರು ಅಪಘಾತದಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಗಾಳಿಯಲ್ಲಿ ನಿಲ್ಲುತ್ತಿದ್ದರು ಅಂತ ನೋಡಿದವರು ಇವತ್ತಿಗೂ ಹೇಳುತ್ತಾರೆ. ಯಾರೂ ಗಾಳಿಯಲ್ಲಿ ನಿಲ್ಲಲ್ಲ. ಆದರೆ ಯಾವುದೇ ಜಿಗಿತದ ಅರ್ಧ ಸಮಯ ಕಳೆಯುವುದು ಅದರ ಎತ್ತರದ ಮೇಲಿನ ಕಾಲು ಭಾಗದಲ್ಲಿ. ಎತ್ತರ ಹೆಚ್ಚಾದಷ್ಟೂ ನೋಡುವವರಿಗೆ ಆತ ಅಲ್ಲೇ ನಿಂತಂತೆ ಕಾಣುತ್ತೆ.

ಕರಾವಳಿಯವರಿಗೆ 'ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ' ಅಂದರೆ ಸಾಕು, ಕಣ್ಣ ಮುಂದೆ ಊರಿನ ಮೈದಾನ ಬರುತ್ತೆ. ಭತ್ತದ ಕೊಯ್ಲಾದ ಗದ್ದೆ, ಶಾಲೆಯ ಮಣ್ಣಿನ ಅಂಗಳ. ಅಂಥ ನಾಡಿನಿಂದಲೇ ಆಟಗಾರರು ಬಂದಿದ್ದಾರೆ. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್‌ನ ಮೊದಲ ಕಿರೀಟ ಗೆದ್ದ ಕೋಲ್ಕತ್ತಾ ತಂಡದ ನಾಯಕ ಕರ್ನಾಟಕದ ಅಶ್ವಲ್ ರೈ. 2025ರ ಫೈನಲ್‌ನಲ್ಲಿ ಬೆಂಗಳೂರು ಟಾರ್ಪಿಡೋಸ್ ಸೋಲಿಸಿದ್ದು ಮುಂಬೈ ಮೀಟಿಯರ್ಸ್ ತಂಡವನ್ನು. ಯಾವ ಕಡೆ ಚಪ್ಪಾಳೆ ತಟ್ಟಬೇಕು ಅನ್ನೋದು ನಮ್ಮಂಥ ನವಿಮುಂಬಯಿ ಕನ್ನಡಿಗರಿಗೆ ಕಷ್ಟದ ಪ್ರಶ್ನೆ!

ಆದರೆ ಊರಿನ ಮಣ್ಣು ಇಲ್ಲಿಲ್ಲ. ನಮ್ಮ ಸೊಸೈಟಿಗಳಲ್ಲಿ ಇರುವುದು ಪೇವರ್ ಬ್ಲಾಕ್, ಇಲ್ಲದಿದ್ದರೆ ಸಿಮೆಂಟ್. ಮೊಣಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುವುದಕ್ಕೆ ಮಾರ್ಟಿನ್ ಬ್ಲಾಜಿನಾ ಎಂಬ ವೈದ್ಯರು 1973ರಲ್ಲಿ 'ಜಂಪರ್ಸ್ ನೀ' ಅಂತ ಹೆಸರಿಟ್ಟರು. 1980ರ ದಶಕದಲ್ಲಿ ಇಟಲಿಯ ಆಂಡ್ರಿಯಾ ಫೆರೆಟ್ಟಿ ವಾಲಿಬಾಲ್ ಆಟಗಾರರನ್ನು ಪರೀಕ್ಷಿಸಿ ಎರಡು ಕಾರಣ ಗುರುತಿಸಿದರು: ವಾರದಲ್ಲಿ ಎಷ್ಟು ಸಲ ಆಡುತ್ತೀರಿ, ನೆಲ ಎಷ್ಟು ಗಟ್ಟಿ. 2005ರಲ್ಲಿ ನಾರ್ವೆಯ ಉನ್ನತ ಮಟ್ಟದ ಆಟಗಾರರನ್ನು ನೋಡಿದಾಗ ವಾಲಿಬಾಲ್‌ನವರಲ್ಲಿ ಆ ಹೊತ್ತಿಗೆ ಈ ನೋವಿದ್ದವರು ಶೇ. 45ರಷ್ಟು. ಇನ್ನೂ ಒಂದು ವಿಚಿತ್ರ ಇದೆ: ಈ ನೋವು ಬರುವವರು ಸಾಮಾನ್ಯವಾಗಿ ತಂಡದಲ್ಲಿ ಚೆನ್ನಾಗಿ ಹಾರುವವರೇ. ಹಾಗಾಗಿ ಚೆನ್ನಾಗಿ ಹಾರುತ್ತೇನೆ, ನನಗೇನೂ ಆಗಲ್ಲ ಅನ್ನೋ ಮಾತಿಗೆ ಅರ್ಥವಿಲ್ಲ.

ಹಾಗಂತ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ವೆರ್ಖೋಶಾನ್ಸ್ಕಿಯ ಷರತ್ತುಗಳ ಸಮೇತ ಮಾಡಿ. ಮೊದಲ ಕೆಲವು ತಿಂಗಳು ನಮ್ಮ ಗರಡಿಮನೆಯ ಬಸ್ಕಿ, ಆಮೇಲೆ ಭಾರ ಹೊತ್ತು ಬಸ್ಕಿ. ಹಾರುವುದಕ್ಕೂ ಮುಂಚೆ ಇಳಿಯುವುದನ್ನು ಕಲಿಯಿರಿ: ಮಂಡಿ ಒಳಕ್ಕೆ ವಾಲದಂತೆ, ಸದ್ದಾಗದಂತೆ. ಮುಕ್ಕಾಲು ಮೀಟರ್ ಪೆಟ್ಟಿಗೆ ಒಲಿಂಪಿಯನ್ನರಿಗೆ, ನಮಗೆ ಮೆಟ್ಟಿಲಿನ ಒಂದು ಹಂತ ಸಾಕು. ಜಾಗ ಮಣ್ಣಿನದೋ ಹುಲ್ಲಿನದೋ ಇರಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಪೇವರ್ ಮೇಲಂತೂ ಬೇಡವೇ ಬೇಡ. ಶನಿವಾರದ ಮ್ಯಾಚಿನಲ್ಲಿ ಹಾರಿದ್ದೂ ಲೆಕ್ಕಕ್ಕೆ ಸೇರುತ್ತೆ, ಮರೆಯಬೇಡಿ. ಮೊಣಚಿಪ್ಪಿನ ಕೆಳಗೆ ನೋವು ಶುರುವಾಗಿ ಹೋಗದೇ ಇದ್ದರೆ ಫಿಸಿಯೋ ಹತ್ತಿರ ಹೋಗಿ.

ಪ್ರಗತಿ ಅಳೆಯುವುದಕ್ಕೆ ಲ್ಯಾಬ್ ಬೇಡ. 1983ರಲ್ಲಿ ಇಟಲಿಯ ಕಾರ್ಮೆಲೊ ಬಾಸ್ಕೊ ಗಾಳಿಯಲ್ಲಿರುವ ಸಮಯದಿಂದಲೇ ಜಿಗಿತ ಅಳೆಯುವ ಪರೀಕ್ಷೆ ಕೊಟ್ಟರು. ಸೂತ್ರ ಸುಲಭ: ಆ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿ. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ನಿಮ್ಮ ಪಾದ ತೆಗೆಯಿರಿ. ನೆಲ ಬಿಟ್ಟಾಗಿನಿಂದ ತಾಗುವವರೆಗೆ 120 ಫ್ರೇಮ್ ಇದ್ದರೆ 0.5 ಸೆಕೆಂಡ್, ಸುಮಾರು 31 ಸೆಂಟಿಮೀಟರ್. 144 ಫ್ರೇಮ್ ಇದ್ದರೆ 44 ಸೆಂಟಿಮೀಟರ್. ಈ 24 ಫ್ರೇಮ್‌ಗಳಿಗೆ ಒಂದು ವರ್ಷ ಹಿಡಿದರೂ ಹಿಡಿಯಲಿ. ಮುಂದಿನ ಹತ್ತು ವರ್ಷವೂ ಶನಿವಾರ ಸಂಜೆ ನೆಟ್ ಕಟ್ಟುವಾಗ ನಿಮ್ಮ ಮಂಡಿ ನಿಮ್ಮ ಜೊತೆ ಇರಬೇಕು, ಅಷ್ಟೇ.