‘ಘೋಸ್ಟ್ ಟೌನ್’ ಗೀತೆಯ ವಿಡಿಯೊ: ಕೊವೆಂಟ್ರಿ ನಗರದ ಇಳಿಗಾಲವನ್ನು ಕುರಿತ ಒಂದು ಸಾಕ್ಷ್ಯವಿಚಾರ

ನಗರವೊಂದರ ಅವನತಿಯನ್ನು ಕುರಿತು ಬರೆಯುವ ಇತಿಹಾಸಕಾರನು ಸಾಮಾನ್ಯವಾಗಿ ಜನಗಣತಿಯ ಅಂಕಿಗಳನ್ನೂ ಕಾರ್ಖಾನೆಗಳ ದಾಖಲೆಗಳನ್ನೂ ಆಶ್ರಯಿಸುವನು. ಕೆಲವೇ ನಿಮಿಷಗಳ ಸಂಗೀತ ವಿಡಿಯೊವೊಂದನ್ನು ಆತನು ಆಧಾರವೆಂದು ಎತ್ತಿಕೊಂಡರೆ ಹಿರಿಯ ವಿದ್ವಾಂಸರು ಹುಬ್ಬೇರಿಸುವುದುಂಟು. ಆದರೂ 1981ರಲ್ಲಿ ಇಂಗ್ಲೆಂಡಿನ ‘ದಿ ಸ್ಪೆಷಲ್ಸ್’ ಎಂಬ ತಂಡವು ಹೊರತಂದ ‘ಘೋಸ್ಟ್ ಟೌನ್’ ಗೀತೆಯ ವಿಡಿಯೊ ಪರಿಶೀಲನೆಗೆ ಅರ್ಹವೆಂದು ನಾವು ತಿಳಿದಿದ್ದೇವೆ. ಅದು ಯಾವುದಕ್ಕೆ ಸಾಕ್ಷಿ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಯಲ್ಲಿ ನಾವೇ ಒಮ್ಮೆ ಎಡವಿದ್ದುಂಟು. ತರಗತಿಯಲ್ಲಿ ಆ ವಿಡಿಯೊವನ್ನು ತೋರಿಸಿ, ಕೊವೆಂಟ್ರಿಯ ಬರಿದಾದ ಬೀದಿಗಳು ಇವೇ ಎಂದು ವಿವರಿಸುತ್ತಿದ್ದಾಗ, ಆ ಊರಿನಲ್ಲಿ ಇಷ್ಟು ದೊಡ್ಡ ನದಿ ಎಲ್ಲಿದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕೊವೆಂಟ್ರಿಯ ಶರ್ಬರ್ನ್ ಒಂದು ಕಿರುತೊರೆ. ನಗರಮಧ್ಯದಲ್ಲಿ ಬಹುಮಟ್ಟಿಗೆ ನೆಲದಡಿಯೇ ಹರಿಯುವುದು. ವಿಡಿಯೊದಲ್ಲಿ ಕಾಣುವುದು ಲಂಡನ್ನಿನ ಥೇಮ್ಸ್.

ಕೊವೆಂಟ್ರಿಯ ಹಿನ್ನೆಲೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಸಿಕ್ಕಿ ಹಾಳಾದ ಈ ನಗರವು ಯುದ್ಧಾನಂತರ ಮೋಟಾರು ವಾಹನಗಳ ಮತ್ತು ಯಂತ್ರೋಪಕರಣಗಳ ತಯಾರಿಕೆಯಿಂದ ಮತ್ತೆ ತಲೆಯೆತ್ತಿತು. ಒಳ್ಳೆಯ ಸಂಬಳವನ್ನು ಅರಸಿ ಐರ್ಲೆಂಡ್, ಪಂಜಾಬ್, ಕೆರೀಬಿಯನ್ ದ್ವೀಪಗಳಿಂದ ಜನರು ಬಂದು ನೆಲೆಸಿದರು. ಬಿಳಿಯರೂ ಕರಿಯರೂ ಕೂಡಿ ನುಡಿಸಿದ ಸ್ಪೆಷಲ್ಸ್ ತಂಡವು ಇಂತಹ ಊರಿನಲ್ಲಿ ಹುಟ್ಟಿದುದು ಆಕಸ್ಮಿಕವಲ್ಲ. 1970ರ ದಶಕದಲ್ಲಿ ಈ ಉದ್ಯಮವು ಕುಗ್ಗತೊಡಗಿತು. 1980ರಲ್ಲಿ ಕ್ಯಾನ್ಲಿಯ ಟ್ರಯಂಫ್ ಕಾರ್ಖಾನೆಯಲ್ಲಿ ಕಾರುಗಳ ಜೋಡಣೆ ನಿಂತಿತು. ತಂದೆಯ ಕಾರ್ಖಾನೆಯಲ್ಲಿಯೇ ಮಗನಿಗೂ ಕೆಲಸವೆಂಬ ನೆಚ್ಚಿಕೆ ಮುರಿಯಿತು. 1982ರ ಜನವರಿಯ ವೇಳೆಗೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ಮೀರಿತು.

ಗೀತೆಯ ಕರ್ತೃ ಜೆರ್ರಿ ಡ್ಯಾಮರ್ಸ್. ಅವರ ಮನಸ್ಸಿನಲ್ಲಿದ್ದುದು ಕೊವೆಂಟ್ರಿಯೊಂದೇ ಅಲ್ಲ. ತಂಡದ ಸಂಚಾರಕಾಲದಲ್ಲಿ ಗ್ಲಾಸ್ಗೊ ನಗರದ ಬೀದಿಯಲ್ಲಿ ಮುದುಕಿಯರು ಮನೆಯ ಕಪ್ಪು ಬಸಿಗಳನ್ನು ಮಾರಲು ಕುಳಿತಿದ್ದುದನ್ನು ಅವರು ಮುಂದೆ ನೆನೆದಿದ್ದಾರೆ. ಹೀಗೆ ಹಲವು ಊರುಗಳ ಅನುಭವವು ಒಂದು ಊರಿನ ಹೆಸರಿಗೆ ಅಂಟಿಕೊಂಡಿತು.

ಇನ್ನು ವಿಡಿಯೊ. ನಿರ್ದೇಶಕರು ಬಾರ್ನಿ ಬಬಲ್ಸ್. ಹಳೆಯ ವಾಕ್ಸ್‌ಹಾಲ್ ಕ್ರೆಸ್ಟಾ ಕಾರೊಂದರಲ್ಲಿ ತಂಡದವರು ಒತ್ತಿಕೊಂಡು ಕುಳಿತು ಹೋಗುವರು. ಕಾರು ಸುರಂಗವನ್ನು ಹಾಯ್ದು, ಲಂಡನ್ನಿನ ಪೂರ್ವಭಾಗದ ಪಾಳುಬಿದ್ದ ಕೇರಿಗಳನ್ನು ದಾಟಿ, ಬ್ಯಾಂಕುಗಳು ತುಂಬಿದ ‘ಸಿಟಿ’ ಪ್ರದೇಶಕ್ಕೆ ಬರುವುದು. ಅಲ್ಲಿ ನರಪಿಳ್ಳೆಯೂ ಇಲ್ಲ. ಕಾರಣ ಸರಳವಾದುದು: ಚಿತ್ರೀಕರಣ ನಡೆದುದು ಭಾನುವಾರದ ನಸುಕಿನಲ್ಲಿ. ಅಂದರೆ ನಾವು ನೋಡುವ ಶೂನ್ಯವು ದಾರಿದ್ರ್ಯದ ಶೂನ್ಯವಲ್ಲ. ದೇಶದ ಅತ್ಯಂತ ಧನಿಕ ಬೀದಿಗಳ ರಜಾದಿನದ ಶೂನ್ಯ. ಇದು ಉದ್ದೇಶಪೂರ್ವಕವಾದ ವ್ಯಂಗ್ಯವೆಂದು ವಾದಿಸುವುದು ಸುಲಭ. ಖಾಲಿ ಬೀದಿ ಬೇಕಾಗಿತ್ತು, ಅಲ್ಲಿ ಸಿಕ್ಕಿತು ಎಂಬುದೇ ನಮಗೆ ಹೆಚ್ಚು ಸಂಭಾವ್ಯವಾಗಿ ತೋರುವುದು.

ಹಾಗಾದರೆ ಈ ವಿಡಿಯೊ ಸುಳ್ಳುಸಾಕ್ಷಿಯೆ? ನಾವು ಹಾಗೆ ಹೇಳಲಾರೆವು. ನಿರುದ್ಯೋಗವು ಕಣ್ಣಿಗೆ ಸುಲಭವಾಗಿ ಕಾಣುವ ವಸ್ತುವಲ್ಲ. ಭಾನುವಾರದ ದಿನ ನಡೆಯುವ ಕಾರ್ಖಾನೆಯೂ ಮುಚ್ಚಿಹೋದ ಕಾರ್ಖಾನೆಯೂ ಒಂದೇ ರೀತಿ ತೋರುವುವು. ಕೆಲಸವಿಲ್ಲದವನಿಗೆ ವಾರದ ಏಳು ದಿನಗಳೂ ಭಾನುವಾರಗಳೇ. ಇದನ್ನು ಸರ್ಕಾರದ ಅಂಕಿ ಅಂಶಗಳು ಹೇಳವು, ವಿಡಿಯೊ ಹೇಳುವುದು. ಕಾರಿನಲ್ಲಿರುವವರಿಗೆ ತಲಪಬೇಕಾದ ಸ್ಥಳವಿಲ್ಲ. ಕಾರನ್ನು ತಯಾರಿಸಿ ಬಾಳಿದ ಊರಿನ ತರುಣರು ಕಾರಿನಲ್ಲಿ ಕುಳಿತು ಸುಮ್ಮನೆ ಸುತ್ತುವರು. (ಆ ಕಾರು ಕೊವೆಂಟ್ರಿಯದಲ್ಲ, ಲೂಟನ್ ಊರಿನ ವಾಕ್ಸ್‌ಹಾಲ್ ಕಂಪನಿಯದು ಎಂದು ಆಕ್ಷೇಪಿಸುವವರಿದ್ದರೆ ಆಕ್ಷೇಪಣೆ ನ್ಯಾಯವಾದುದೇ.) ಆದುದರಿಂದ ಸ್ಥಳದ ವಿಷಯದಲ್ಲಿ ಈ ಸಾಕ್ಷಿಯನ್ನು ನಂಬಲಾಗದು, ಕಾಲದ ಅನುಭವದ ವಿಷಯದಲ್ಲಿ ನಂಬಬಹುದು.

ಮತ್ತೊಂದು ವಾಡಿಕೆಯ ಮಾತನ್ನೂ ತಿದ್ದಬೇಕಾಗಿದೆ. ಈ ಗೀತೆಯು 1981ರ ದಂಗೆಗಳನ್ನು ಮುಂಗಂಡು ನುಡಿದ ಭವಿಷ್ಯವಾಣಿಯೆಂದು ಹಲವರು ಬರೆಯುವರು. ಬ್ರಿಸ್ಟಲ್ಲಿನ ಸೇಂಟ್ ಪಾಲ್ಸ್ ಕೇರಿಯಲ್ಲಿ 1980ರ ಏಪ್ರಿಲ್‌ನಲ್ಲಿಯೂ, ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ 1981ರ ಏಪ್ರಿಲ್‌ನಲ್ಲಿಯೂ ದಂಗೆಗಳು ನಡೆದುಹೋಗಿದ್ದುವು. ಗೀತೆ ಅಂಗಡಿಗೆ ಬಂದುದು ಜೂನ್‌ನಲ್ಲಿ. ಜುಲೈ ಆರಂಭದಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಮೊದಲಾದೆಡೆ ಬೆಂಕಿ ಹತ್ತಿದಾಗ ಗೀತೆಯು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿ ಮೂರು ವಾರ ಅಲ್ಲಿಯೇ ನಿಂತಿತು. ಗೀತೆಗೂ ದಂಗೆಗೂ ಗಂಟುಹಾಕಿದವರು ಕೇಳುಗರು. ಆ ಗಂಟೇ ಅಂದಿನ ಜನಮನಸ್ಸಿಗೆ ಸಾಕ್ಷಿ. ಆ ವಾರಗಳಲ್ಲಿ ಸುದ್ದಿಯ ಚಿತ್ರಗಳಲ್ಲಿ ತರುಣರು ಪೋಲೀಸರತ್ತ ಕಲ್ಲು ತೂರುತ್ತಿದ್ದರು. ವಿಡಿಯೊದ ಕೊನೆಯಲ್ಲಿಯೂ ಕಲ್ಲುಗಳಿವೆ: ನೀರು ಇಳಿದ ಥೇಮ್ಸ್ ದಡದಲ್ಲಿ ನಿಂತು ತಂಡದವರು ಅವನ್ನು ನದಿಗೆ ಎಸೆಯುವರು.