ಹಳೆಯ ಮಸ್ಟಾಂಗ್, ಕಮಾರೊ, ಚಾಲೆಂಜರ್: ಆಯ್ಕೆ ಹೇಗೆ?

ಬುಲೆಟ್ ಮೇಲೋ, ಯೆಜ್ಡಿ ಮೇಲೋ ಎಂಬ ವಾದ ನಮ್ಮ ಊರುಗಳ ಚಹಾದಂಗಡಿಗಳಲ್ಲಿ ಒಂದು ಕಾಲಕ್ಕೆ ಜೋರಾಗಿಯೇ ನಡೆಯುತ್ತಿತ್ತು. ಅಮೆರಿಕದಲ್ಲಿ ಅಂಥದೇ ವಾದ ‘ಮಸಲ್ ಕಾರ್’ಗಳ ಕುರಿತು ಸುಮಾರು ಅರುವತ್ತು ವರ್ಷಗಳಿಂದ ನಡೆದಿದೆ. ಫೋರ್ಡ್ ಕಂಪನಿಯ ಮಸ್ಟಾಂಗ್, ಷೆವ್ರೊಲೆಯ ಕಮಾರೊ ಹಾಗೂ ಡಾಡ್ಜ್‌ನ ಚಾಲೆಂಜರ್ ಈ ಜಗಳದ ಮೂವರು ಮುಖ್ಯ ಜಟ್ಟಿಗಳು. ಕಮಾರೊ ಮತ್ತು ಚಾಲೆಂಜರ್ ತಯಾರಿಕೆ 2023ರ ಡಿಸೆಂಬರ್‌ನಲ್ಲಿ ನಿಂತಿತು. ಹಾಗಾಗಿ ಈ ಎರಡು ಬೇಕೆನ್ನುವವರಿಗೆ ಇನ್ನು ಸೆಕೆಂಡ್ ಹ್ಯಾಂಡ್ ಪೇಟೆಯೇ ಗತಿ. ಹೊಸದಾಗಿ ಸಿಗುವುದು ಮಸ್ಟಾಂಗ್ ಒಂದೇ.

ಮೂರರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ ಹಳೆಯ ಕಾರು ಕೊಳ್ಳುವವನ ಹಣ ಮತ್ತು ಜೀವ ಎರಡೂ ನಿಂತಿರುವುದು ಬೇರೆಯೇ ಪ್ರಶ್ನೆಯ ಮೇಲೆ: ಎದುರಿಗೆ ನಿಂತಿರುವ ಈ ಒಂದು ಕಾರಿನ ಚರಿತ್ರೆ ಏನು?

ಹಿನ್ನೆಲೆ

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಜೋಡಿಸಿ, ಸಾಮಾನ್ಯ ಸಂಬಳದವರ ಕೈಗೆಟಕುವ ಬೆಲೆಗೆ ಮಾರುವುದು ಮಸಲ್ ಕಾರಿನ ಮೂಲ ತತ್ವ. 1964ರ ಪಾಂಟಿಯಾಕ್ ಜಿಟಿಒ ಕಾರಿನಿಂದ ಈ ಯುಗ ಆರಂಭವಾಯಿತೆಂದು ಹೆಚ್ಚಿನವರ ಲೆಕ್ಕ. ಅದೇ ವರ್ಷದ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವಮೇಳದಲ್ಲಿ ಮಸ್ಟಾಂಗ್ ಬಿಡುಗಡೆಯಾಯಿತು. ಅದಕ್ಕೆ ಎದುರಾಗಿ 1966ರ ಸೆಪ್ಟೆಂಬರ್‌ನಲ್ಲಿ ಕಮಾರೊ ಬಂತು. ಚಾಲೆಂಜರ್ 1970ರ ಮಾದರಿಯಾಗಿ ತಡವಾಗಿ ಕಣಕ್ಕಿಳಿಯಿತು.

ಹೊಗೆ ನಿಯಂತ್ರಣ ಕಾನೂನು, ಏರಿದ ವಿಮೆ ಕಂತು ಮತ್ತು 1973ರ ತೈಲ ಬಿಕ್ಕಟ್ಟು ಸೇರಿ ಈ ಯುಗವನ್ನು ಮುಗಿಸಿದವು. ಚಾಲೆಂಜರ್ 1974ರಲ್ಲೇ ನಿಂತಿತು. ಕಮಾರೊ 2002ರವರೆಗೆ ಉಳಿದಿತ್ತು. ಮಸ್ಟಾಂಗ್ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ. 2005ರಲ್ಲಿ ಹಳೆಯ ರೂಪ ನೆನಪಿಸುವ ಮಸ್ಟಾಂಗ್ ಬಂದು ಗೆದ್ದ ಮೇಲೆ 2008ರಲ್ಲಿ ಚಾಲೆಂಜರ್, 2009ರಲ್ಲಿ ಕಮಾರೊ ಮರಳಿದವು. ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ದಿನನಿತ್ಯದ ಓಡಾಟಕ್ಕೆಂದು ಜನ ಹುಡುಕುವುದು ಬಹುಮಟ್ಟಿಗೆ ಈ ಎರಡನೆಯ ಯುಗದ ಕಾರುಗಳನ್ನೇ.

ಮೂರರ ಗುಣಸ್ವಭಾವ

ಮಸ್ಟಾಂಗ್ ಜಿಟಿ: 2005ರಿಂದ 2009ರವರೆಗಿನ ಮಾದರಿಗಳಲ್ಲಿ 4.6 ಲೀಟರ್ ವಿ-8 ಎಂಜಿನ್, 300 ಅಶ್ವಶಕ್ತಿ. 2011ರಲ್ಲಿ ಬಂದ 5 ಲೀಟರ್ ಎಂಜಿನ್ 412 ಅಶ್ವಶಕ್ತಿ ಕೊಟ್ಟಿತು. ಆದ್ದರಿಂದ 2010 ಮತ್ತು 2011ರ ಮಾದರಿಗಳ ನಡುವೆ ಒಂದೇ ವರ್ಷದ ಅಂತರವಿದ್ದರೂ ಅವು ಬೇರೆ ಬೇರೆ ಕಾರುಗಳೆಂದೇ ತಿಳಿಯಬೇಕು. ಮೂರರಲ್ಲಿ ಹಗುರವಾದುದು ಇದೇ; 2011ರ ಜಿಟಿ ತೂಕ ಸುಮಾರು 1,640 ಕಿಲೋ. 2014ರವರೆಗೆ ಇದರ ಹಿಂದಿನ ಎರಡೂ ಚಕ್ರಗಳಿಗೆ ಲಾರಿಯಲ್ಲಿರುವಂತೆ ಒಂದೇ ಗಟ್ಟಿ ಆಕ್ಸಲ್ ಇತ್ತು; ಗುಂಡಿ ಬಿದ್ದ ತಿರುವಿನಲ್ಲಿ ಹಿಂಭಾಗ ಕುಪ್ಪಳಿಸುತ್ತದೆ. 2015ರಿಂದ ಈ ಕೊರತೆ ನೀಗಿತು.

ಕಮಾರೊ ಎಸ್ಎಸ್: 2010ರಿಂದ 2015ರವರೆಗಿನ ಮಾದರಿಗಳಲ್ಲಿ 6.2 ಲೀಟರ್ ಎಂಜಿನ್. ನಮ್ಮ ಮಾರುತಿ 800 ಎಂಜಿನ್ನಿಗಿಂತ ಏಳು ಪಟ್ಟಿಗೂ ದೊಡ್ಡದು! ಕೈಗೇರಿನ ಕಾರಿಗೆ 426, ಆಟೊಮ್ಯಾಟಿಕ್ ಕಾರಿಗೆ 400 ಅಶ್ವಶಕ್ತಿ. ರಸ್ತೆ ಹಿಡಿತ ಚೆನ್ನಾಗಿದೆ. ಕಿಟಕಿಗಳು ಮಾತ್ರ ಕಿರಿದು. ಪಕ್ಕ ಮತ್ತು ಹಿಂದೆ ಏನಿದೆಯೆಂದು ಕಾಣುವುದಿಲ್ಲ. ಡಿಕ್ಕಿ ಚಿಕ್ಕದು.

ಚಾಲೆಂಜರ್ ಆರ್/ಟಿ: 5.7 ಲೀಟರ್ ‘ಹೆಮಿ’ ಎಂಜಿನ್, ಸುಮಾರು 375 ಅಶ್ವಶಕ್ತಿ. ಸುಮಾರು 1,850 ಕಿಲೋ ತೂಗುವ ಇದು ಮೂವರಲ್ಲಿ ಭಾರಿ ಆಳು. ಅವಸರದ ತಿರುವು ಇದಕ್ಕೆ ಒಗ್ಗದು. ಆದರೆ ಹಿಂದೆ ಮೂವರು ಕೂರಬಹುದು. ಉಳಿದೆರಡರಲ್ಲಿ ಇಬ್ಬರಿಗೇ ಜಾಗ. ಡಿಕ್ಕಿಯೂ ದೊಡ್ಡದು. ದೂರದ ಹೆದ್ದಾರಿ ಪ್ರಯಾಣಕ್ಕೆ ಇದರಷ್ಟು ಆರಾಮ ಇನ್ನೊಂದಿಲ್ಲ. 2015ರಿಂದ 8 ಗೇರಿನ ಆಟೊಮ್ಯಾಟಿಕ್ ಬಂತು. ಅದಕ್ಕೂ ಹಿಂದಿನದು 5 ಗೇರಿನದು.

ಪೆಟ್ರೋಲ್ ಖರ್ಚಿನಲ್ಲಿ ಮೂವರೂ ಅಣ್ಣತಮ್ಮಂದಿರು. ವಿ-8 ಕಾರು ಪೇಟೆ, ಹೆದ್ದಾರಿ ಎರಡೂ ಸೇರಿ ಲೀಟರಿಗೆ ಸುಮಾರು 8 ಕಿ.ಮೀ. ಕೊಟ್ಟರೆ ಹೆಚ್ಚು.

ವಿ-6 ಎಂದರೆ ಕಡಿಮೆಯೇ?

ಹಣ ಕಡಿಮೆಯಿದ್ದವರು ಆರು ಸಿಲಿಂಡರಿನ ಕಾರನ್ನು ಕೀಳೆಂದು ತಳ್ಳಬೇಕಿಲ್ಲ. 2011ರ ವಿ-6 ಮಸ್ಟಾಂಗ್ 305 ಅಶ್ವಶಕ್ತಿಯದು, ಅಂದರೆ 2009ರ ವಿ-8 ಮಸ್ಟಾಂಗ್‌ಗಿಂತ ತುಸು ಹೆಚ್ಚೇ! ಅದೇ ವರ್ಷದ ವಿ-6 ಚಾಲೆಂಜರ್ ಕೂಡ 305 ಅಶ್ವಶಕ್ತಿಯದು. ಆದರೆ ವಿ-6 ಕಾರಿಗೆ ಜಿಟಿ ಬಿಲ್ಲೆ ಅಂಟಿಸಿ ವಿ-8 ಬೆಲೆ ಕೇಳುವವರೂ ಇದ್ದಾರೆ. 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆಯಲ್ಲಿ ಎಂಟನೆಯದು ಎಂಜಿನ್ ಯಾವುದೆಂದು ಹೇಳುತ್ತದೆ. ಬಿಲ್ಲೆ ಸುಳ್ಳು ಹೇಳೀತು, ಅದು ಹೇಳದು.

ಹುಟ್ಟುರೋಗಗಳು

ದನ ಕೊಳ್ಳುವವನು ಹಲ್ಲು ನೋಡುವಂತೆ ಪ್ರತಿ ಕಾರಿನಲ್ಲೂ ನೋಡಬೇಕಾದ ಜಾಗಗಳಿವೆ.

* ಮಸ್ಟಾಂಗ್ 4.6 ಲೀಟರ್: ಎರಡು ತುಂಡು ಸೇರಿಸಿ ಮಾಡಿದ ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಒಳಗೇ ಮುರಿಯುವುದುಂಟು. ಪ್ಲಗ್ ಬದಲಾಯಿಸಿದ ರಸೀದಿ ಇದ್ದರೆ ಅರ್ಧ ಚಿಂತೆ ಕಳೆಯಿತು.
* ಮಸ್ಟಾಂಗ್ 5 ಲೀಟರ್: 2011ರ ನಂತರದ ಆರು ಗೇರಿನ ಕೈಗೇರು ಚಳಿಯಲ್ಲಿ ತೊಡರುತ್ತದೆಂಬ ದೂರು ಬಹಳ ಬಂದಿತ್ತು. ಎಂಜಿನ್ ತಣ್ಣಗಿರುವಾಗಲೇ ಓಡಿಸಿ ನೋಡಬೇಕು.
* ಕಮಾರೊ ಆಟೊಮ್ಯಾಟಿಕ್: ಪೆಟ್ರೋಲ್ ಉಳಿಸಲು ನಾಲ್ಕು ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಇದೆ. ಅದರ ಲಿಫ್ಟರ್‌ಗಳು ಕೆಟ್ಟರೆ ಖರ್ಚು ದೊಡ್ಡದು. ಕೈಗೇರಿನ ಕಾರಿನಲ್ಲಿ ಈ ವ್ಯವಸ್ಥೆ ಇಲ್ಲ.
* ಚಾಲೆಂಜರ್ ಹೆಮಿ: ಚಾಲೂ ಮಾಡಿದಾಗ ಕೇಳಿಸುವ ಟಕಟಕ ಸದ್ದು ಎಂಜಿನ್ ಬಿಸಿಯಾದಂತೆ ಕಡಿಮೆಯಾದರೆ, ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಬೋಲ್ಟ್ ಮುರಿದಿರುವ ಸಂಭವ ಹೆಚ್ಚು. ಬಿಸಿಯಾದರೂ ನಿಲ್ಲದಿದ್ದರೆ ಲಿಫ್ಟರ್, ಕ್ಯಾಮ್ ಸವೆದಿರಬಹುದು. ಆಗ ಕೈಮುಗಿದು ಮುಂದೆ ಹೋಗುವುದೇ ಜಾಣತನ.

ಜೀವಕ್ಕೆ ಸಂಬಂಧಿಸಿದ್ದು

ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ಒಳಗಿನ ಸ್ಫೋಟಕ, ವರ್ಷಗಟ್ಟಲೆ ಬಿಸಿಲು-ತೇವ ತಿಂದು ಕೆಡುತ್ತದೆ. ಅಪಘಾತದ ಹೊತ್ತಿನಲ್ಲಿ ರಕ್ಷಿಸಬೇಕಾದ ಚೀಲದಿಂದ ಲೋಹದ ಚೂರುಗಳು ಸಿಡಿದು ಸಾವುಗಳಾಗಿವೆ. ಅಮೆರಿಕದಲ್ಲಿ ಸುಮಾರು 6.7 ಕೋಟಿ ಏರ್‌ಬ್ಯಾಗ್ ಸಾಧನಗಳನ್ನು ವಾಪಸು ಕರೆಯಲಾಯಿತು. 2005ರಿಂದ 2014ರವರೆಗಿನ ಮಸ್ಟಾಂಗ್ ಮತ್ತು 2008ರಿಂದ 2014ರವರೆಗಿನ ಚಾಲೆಂಜರ್ ಈ ಪಟ್ಟಿಯಲ್ಲಿವೆ. ಕಮಾರೊಗೆ ಬೇರೆ ತೊಂದರೆ: ಚಾಲಕನ ಮೊಣಕಾಲು ಕೀಲಿಗೆ ತಗುಲಿ ಎಂಜಿನ್ ಬಂದ್ ಆಗಬಹುದೆಂದು 2014ರ ಜೂನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆದರು, 2010ರಿಂದ 2014ರ ಮಾದರಿಗಳು ಇದರಲ್ಲಿ ಸೇರಿವೆ.

ಇಂಥ ದುರಸ್ತಿಗೆ ಡೀಲರ್ ಹಣ ಕೇಳುವುದಿಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ತಾಣದಲ್ಲಿ ವಿನ್ ಸಂಖ್ಯೆ ಕೊಟ್ಟರೆ ದುರಸ್ತಿ ಬಾಕಿ ಇದೆಯೋ ಇಲ್ಲವೋ ಉಚಿತವಾಗಿ ತಿಳಿಯುತ್ತದೆ. ಎರಡು ನಿಮಿಷದ ಈ ಕೆಲಸ ಮಾಡದೆ ಬೆಲೆ ಮಾತಾಡಬಾರದು.

ಇಲ್ಲೊಂದು ಇಕ್ಕಟ್ಟೂ ಇದೆ. ಮಿಶಿಗನ್, ಒಹಾಯೊದಂಥ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಕಾರಿನ ತಳ ತುಕ್ಕು ಹಿಡಿಯುತ್ತದೆ. ಫ್ಲೋರಿಡಾ, ಟೆಕ್ಸಾಸ್ ಕಡೆಯ ಕಾರಿಗೆ ತುಕ್ಕಿನ ಕಾಟ ಕಡಿಮೆ; ಆದರೆ ಕೆಟ್ಟ ಏರ್‌ಬ್ಯಾಗ್‌ನ ಅಪಾಯ ಅಲ್ಲೇ ಹೆಚ್ಚು, ನೆರೆ ನೀರಿನಲ್ಲಿ ಮುಳುಗಿದ ಕಾರುಗಳೂ ಅಲ್ಲಿಂದ ಬರುತ್ತವೆ.

ಕಾಗದಪತ್ರ

ನಮ್ಮಲ್ಲಿ ಆರ್‌ಸಿ ಪುಸ್ತಕ ಇದ್ದಂತೆ ಅಲ್ಲಿ ‘ಟೈಟಲ್’. ಅಪಘಾತ ಅಥವಾ ನೆರೆಯಿಂದ ಪೂರ್ತಿ ಹಾಳಾಯಿತೆಂದು ವಿಮೆ ಕಂಪನಿ ತೀರ್ಮಾನಿಸಿದ ಕಾರಿನ ಟೈಟಲ್ ಮೇಲೆ ‘ಸಾಲ್ವೇಜ್’ ಎಂಬ ಗುರುತು ಬೀಳುತ್ತದೆ. ದುರಸ್ತಿ ಮಾಡಿ ರಸ್ತೆಗಿಳಿಸಿದರೆ ‘ರೀಬಿಲ್ಟ್’. ಒಂದು ರಾಜ್ಯದ ಗುರುತು ಅಳಿಸಲು ಇನ್ನೊಂದು ರಾಜ್ಯದಲ್ಲಿ ನೋಂದಣಿ ಮಾಡಿಸುವ ಮೋಸವೂ ಇದೆ. ಗಡಿಯಾಚೆ ವಾಹನ ನೋಂದಣಿ ಬದಲಾಯಿಸಿ ಬಲ್ಲ ನಮ್ಮ ಓದುಗರಿಗೆ ಇದು ಬೇಗ ಅರ್ಥವಾದೀತು. ಇದನ್ನು ತಡೆಯಲೆಂದೇ ಎಲ್ಲ ರಾಜ್ಯಗಳ ದಾಖಲೆ ಕೂಡಿಸುವ ರಾಷ್ಟ್ರೀಯ ವ್ಯವಸ್ಥೆ ಅಲ್ಲಿದೆ. ಅದರ ವರದಿಯನ್ನು ಸಣ್ಣ ಶುಲ್ಕಕ್ಕೆ ಪಡೆಯಬಹುದು.

ವಿಮೆಯ ದರವನ್ನೂ ಕಾರು ಕೊಳ್ಳುವ ಮುಂಚೆಯೇ ಕೇಳಬೇಕು. ಹರೆಯದ ಚಾಲಕನಿಗೆ ವಿ-8 ಕಾರಿನ ವಿಮೆ ದುಬಾರಿ. ಕಳ್ಳರ ಕಣ್ಣೂ ಇವುಗಳ ಮೇಲೆ. ಚಾಲೆಂಜರಿನ ನಾಲ್ಕು ಬಾಗಿಲಿನ ಸೋದರ ಚಾರ್ಜರ್ ಎಸ್ಆರ್‌ಟಿ ಹೆಲ್‌ಕ್ಯಾಟ್ ಕಳುವಾಗುವ ಪ್ರಮಾಣ ಸರಾಸರಿಗಿಂತ 60 ಪಟ್ಟಿಗೂ ಹೆಚ್ಚೆಂದು ವಿಮೆ ಕಂಪನಿಗಳ ಅಧ್ಯಯನ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತ್ತು.

ಯಾರಿಗೆ ಯಾವುದು?

ತಿರುವು ರಸ್ತೆಯ ಓಟ ಬೇಕು, ಬಿಡಿಭಾಗ ಸುಲಭವಾಗಿ ಸಿಗಬೇಕು ಎನ್ನುವವರಿಗೆ 2011ರ ನಂತರದ ಮಸ್ಟಾಂಗ್ ಜಿಟಿ. ಹಣ ಇದ್ದರೆ 2015ರ ನಂತರದ್ದು. ಎಂಜಿನ್ನಿನ ಬಲವೇ ಮುಖ್ಯ, ಕಿಟಕಿ ಚಿಕ್ಕದಾದರೂ ಚಿಂತೆಯಿಲ್ಲ ಎನ್ನುವವರಿಗೆ ಕೈಗೇರಿನ ಕಮಾರೊ ಎಸ್ಎಸ್. ಹೆಂಡತಿ ಮಕ್ಕಳೊಂದಿಗೆ ದೂರ ಹೋಗುವವರಿಗೆ 2015ರ ನಂತರದ ಚಾಲೆಂಜರ್. ಇಷ್ಟಾದರೂ ರಸೀದಿಗಳ ಕಂತೆ ಇರುವ, ಎಂಜಿನ್ ಬದಲಾವಣೆ ಮಾಡಿಸದ, ಒಬ್ಬರೇ ಓಡಿಸಿದ ಎರಡನೇ ಆಯ್ಕೆಯ ಕಾರು, ಚರಿತ್ರೆ ಗೊತ್ತಿಲ್ಲದ ಮೊದಲನೇ ಆಯ್ಕೆಯ ಕಾರಿಗಿಂತ ಮೇಲು. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ನಿಂದ ಕಾರನ್ನು ಮೇಲೆತ್ತಿ ತಳ ನೋಡಿಸುವುದು ತಪ್ಪಬಾರದು.

ಭಾರತಕ್ಕೆ ತರಬಹುದೆ?

ಅಮೆರಿಕದಲ್ಲಿ ದುಡಿಯುವ ನಮ್ಮ ಹುಡುಗರು ಇಂಥ ಕಾರು ಕೊಂಡು ಊರಿಗೆ ತರುವ ಆಸೆ ಇಟ್ಟುಕೊಂಡರೆ ಅದು ಕೈಗೂಡದು. ಭಾರತದ ಆಮದು ನೀತಿಯ ಪ್ರಕಾರ ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಅಮೆರಿಕದ ಕಾರಿನ ಸ್ಟೀರಿಂಗ್ ಎಡಗಡೆ. ಬಲಗಡೆ ಸ್ಟೀರಿಂಗ್ ಇರುವ ಮಸ್ಟಾಂಗ್ ಜಿಟಿಯನ್ನು ಫೋರ್ಡ್ ಕಂಪನಿಯೇ 2016ರ ಜುಲೈನಲ್ಲಿ 65 ಲಕ್ಷ ರೂಪಾಯಿ ಬೆಲೆಗೆ ಭಾರತಕ್ಕೆ ತಂದಿತ್ತು. ಇಲ್ಲಿ ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ಹುಡುಕುವವರು ಆ ಕಾರುಗಳನ್ನೇ ನೋಡಬೇಕು. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಹಾಗಾಗಿ ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ದಿನ ಕಾಯಬೇಕು ಎಂದು ವಿಚಾರಿಸಿಕೊಂಡೇ ಮುಂಗಡ ಕೊಡುವುದು ಒಳಿತು.